ವೈಫೈ ಕೀ ಒತ್ತಿದ್ದು ಲಿನಕ್ಸ್‌ಗೆ ಗೊತ್ತಾಗುತ್ತಿದೆಯಾ?

ರಾತ್ರಿ ಮೆನುವಿನಿಂದ ಏರ್‌ಪ್ಲೇನ್ ಮೋಡ್ ಹಾಕಿ ಮಲಗಿದ್ದೆ. ಬೆಳಗ್ಗೆ ಅಭ್ಯಾಸದ ಪ್ರಕಾರ ಕೀಬೋರ್ಡಿನ ವೈಫೈ ಕೀ ಒತ್ತಿದೆ. ಏನೂ ಆಗಲಿಲ್ಲ. ರೀಸ್ಟಾರ್ಟ್ ಮಾಡಿದರೂ ವೈಫೈ ಆಫ್ ಆಗಿಯೇ ಇತ್ತು, ಯಾಕೆಂದರೆ ಲಿನಕ್ಸ್‌ನ ಸೇವೆಗಳನ್ನು ಶುರು ಮಾಡಿ ನಡೆಸುವ ಸಿಸ್ಟಮ್‌ಡಿ ಹಿಂದಿನ ಸ್ಥಿತಿಯನ್ನು ಉಳಿಸಿಟ್ಟುಕೊಂಡು ಬೂಟ್ ಆಗುವಾಗ ಅದನ್ನೇ ಮತ್ತೆ ಹಾಕುತ್ತದೆ.

ಇಂಥ ಹೊತ್ತಿನಲ್ಲಿ ಜಾಸ್ತಿ ಜನ ಮೊದಲು ವೈಫೈ ಡ್ರೈವರ್ ತೆಗೆದು ಮತ್ತೆ ಹಾಕಲು ಹೋಗುತ್ತಾರೆ. ದಯವಿಟ್ಟು ಬೇಡ. ಮೊದಲು ಟರ್ಮಿನಲ್‌ನಲ್ಲಿ ‘ಆರ್‌ಎಫ್‌ಕಿಲ್ ಲಿಸ್ಟ್’ (rfkill list) ಕೊಡಿ, ವೈಫೈಯಂಥವು ಎಲ್ಲಿ ತಡೆಯಾಗಿವೆ ಎಂದು ಇದು ತೋರಿಸುತ್ತದೆ. ಅಲ್ಲಿ ಎರಡು ಸಾಲು ಮುಖ್ಯ. ಸಾಫ್ಟ್ ಬ್ಲಾಕ್ ‘ಯೆಸ್’ ಅಂತಿದ್ದರೆ ಸಾಫ್ಟ್‌ವೇರ್ ಆಫ್ ಮಾಡಿದೆ ಎಂದರ್ಥ, ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಅಂದರೆ ಸಾಕು. ಹಾರ್ಡ್ ಬ್ಲಾಕ್ ‘ಯೆಸ್’ ಇದ್ದರೆ ಈ ಕಮಾಂಡಿನಿಂದ ಪ್ರಯೋಜನವಿಲ್ಲ. ಲ್ಯಾಪ್‌ಟಾಪಿನ ಪಕ್ಕದಲ್ಲಿ ವೈಫೈ ಸ್ವಿಚ್ ಇದೆಯಾ ನೋಡಿ. ಸ್ವಿಚ್ಚೇ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಹೀಗೆ ಬಂದರೆ, ವಿಶೇಷ ಕೀಗಳನ್ನು ನೋಡಿಕೊಳ್ಳುವ ಮಾಡ್ಯೂಲ್ (ಡ್ರೈವರ್) ತಪ್ಪು ಹೇಳುತ್ತಿರಬಹುದು. ಅದನ್ನು ‘ಮಾಡ್‌ಪ್ರೋಬ್ -ಆರ್’ (modprobe -r) ಕೊಟ್ಟು ತೆಗೆದು ಮತ್ತೆ ಲಿಸ್ಟ್ ನೋಡಿ.

ನನ್ನದು ಸಾಫ್ಟ್ ಬ್ಲಾಕ್, ಒಂದು ಕಮಾಂಡಿಗೆ ವೈಫೈ ಬಂತು. ಆದರೆ ಕೀ ಕೆಲಸ ಮಾಡಬೇಕಲ್ವಾ? ‘ಆರ್‌ಎಫ್‌ಕಿಲ್ ಇವೆಂಟ್’ ಓಡಿಸಿಟ್ಟು ಕೀ ಒತ್ತಿದೆ, ಹೊಸ ಸಾಲು ಬರಲಿಲ್ಲ. ಒತ್ತಿದ ಕೀಗಳನ್ನು ತೋರಿಸುವ ‘ಇವಿಟೆಸ್ಟ್’ (evtest) ನಲ್ಲೂ ಹೆಸರಿರುವ ಯಾವ ಕೀಯೂ ಕಾಣಲಿಲ್ಲ. ಕೊನೆಗೆ ಕರ್ನಲ್ (ಲಿನಕ್ಸ್‌ನ ತಿರುಳು) ಬರೆಯುವ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ (dmesg) ತೆಗೆದರೆ ಉತ್ತರ ಅಲ್ಲೇ ಇತ್ತು: ಗುರುತಿಲ್ಲದ ಕೀ ಒತ್ತಲಾಗಿದೆ, ‘ಸೆಟ್‌ಕೀಕೋಡ್ಸ್ ಇ057’ (setkeycodes e057) ಬಳಸಿ ಇದಕ್ಕೊಂದು ಕೀಕೋಡ್, ಅಂದರೆ ಯಾವ ಕೀ ಎಂದು ಹೇಳುವ ಸಂಖ್ಯೆ, ಕೊಡಿ ಅಂತ ಕರ್ನಲ್ಲೇ ಬರೆದಿತ್ತು. ಇಷ್ಟು ಸ್ಪಷ್ಟವಾಗಿ ದಾರಿ ತೋರಿಸುವ ಸಂದೇಶ ನೋಡಿ ನಿಜಕ್ಕೂ ಖುಷಿಯಾಯಿತು.

ವೈಫೈ ಕೀಯ ಕೋಡ್ 238. ‘ಸುಡೋ ಸೆಟ್‌ಕೀಕೋಡ್ಸ್ ಇ057 238’ ಕೊಟ್ಟ ತಕ್ಷಣ ಕೀ ಕೆಲಸ ಶುರು ಮಾಡಿತು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇ057 ಬದಲು ಬೇರೆ ಸಂಖ್ಯೆ ಇರಬಹುದು, ನಿಮ್ಮ ಸಂದೇಶದಲ್ಲಿ ಇರುವುದನ್ನೇ ಹಾಕಿ. ಇದು ರೀಸ್ಟಾರ್ಟ್ ಆದರೆ ಹೋಗುತ್ತದೆ. ಶಾಶ್ವತವಾಗಿ ಉಳಿಯಬೇಕಾದರೆ ಯಂತ್ರದ ಭಾಗಗಳನ್ನು ನೋಡಿಕೊಳ್ಳುವ ಯುಡೆವ್‌ನ ಎಚ್‌ಡಬ್ಲ್ಯೂಡಿಬಿ (hwdb, ಹಾರ್ಡ್‌ವೇರ್ ಮಾಹಿತಿ) ಫೋಲ್ಡರಿನಲ್ಲಿ ಒಂದು ಸಣ್ಣ ಫೈಲ್ ಬರೆದು ‘ಸಿಸ್ಟಮ್‌ಡಿ-ಎಚ್‌ಡಬ್ಲ್ಯೂಡಿಬಿ ಅಪ್‌ಡೇಟ್’ ಮಾಡಬೇಕು. ಆ ಫೈಲಿನಲ್ಲಿ ಇ057 ಅನ್ನು ಡಿ7 ಎಂದು ಬರೆಯಬೇಕು. ನಾನು ಇಲ್ಲೇ ಅರ್ಧ ಗಂಟೆ ಸುಮ್ನೆ ಕಳೆದೆ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಫರ್ಮ್‌ವೇರ್ (ಯಂತ್ರದೊಳಗೇ ಇರುವ ಸಾಫ್ಟ್‌ವೇರ್) ತಾನೇ ವೈಫೈ ಆನ್ ಆಫ್ ಮಾಡಿ ಕೀ ಕೋಡನ್ನೂ ಕಳಿಸುತ್ತದೆ. ಅಲ್ಲಿ 238 ಕೊಟ್ಟರೆ ಅದು ಒಂದು ಸಲ, ಲಿನಕ್ಸ್ ಇನ್ನೊಂದು ಸಲ ಬದಲಿಸಿ ವೈಫೈ ಗೊಂದಲಕ್ಕೆ ಬೀಳಬಹುದು. ಅಂಥ ಕಡೆ 240 ಕೊಡಿ, ಲಿನಕ್ಸ್ ಆ ಕೀಯನ್ನು ಅದರ ಪಾಡಿಗೆ ಬಿಟ್ಟುಬಿಡುತ್ತದೆ.