ಅಷ್ಟು ಸಣ್ಣ ಟೆಲಿಸ್ಕೋಪಲ್ಲಿ ಎಂತ ಕಾಣ್ತದೆ?

ನೀವು ಅಂದುಕೊಂಡದ್ದು ಯಾವುದೂ ಕಾಣುವುದಿಲ್ಲ. ಚಂದ್ರನ ಮೇಲೆ ನೆಟ್ಟ ಬಾವುಟ ಕಾಣುವುದಿಲ್ಲ. ನಕ್ಷತ್ರ ದೊಡ್ಡದಾಗುವುದಿಲ್ಲ, ಚುಕ್ಕಿ ಚುಕ್ಕಿಯಾಗಿಯೇ ಇರುತ್ತದೆ. ಸಿಕ್ಕವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಪ್ರಶ್ನೆಗಿಂತ ಅದನ್ನು ಕೇಳುವ ರೀತಿಗೆ ನನಗೆ ಸಿಟ್ಟು. ಶಿರಸಿ ಹತ್ತಿರದ ಒಂದು ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ದೂರದ ಸಂಬಂಧದ ಮಾವ. ಎಷ್ಟು ಇಂಚಿನ ಟೆಲಿಸ್ಕೋಪ್ ಎಂದು ಕೇಳಿದರು. ಎಂಟು ಅಂದೆ; ಇಂಚು ಅಂದರೆ ಬೆಳಕು ಹಿಡಿಯುವ ಬಾಯಿಯ ಅಗಲ. "ಅಷ್ಟರಲ್ಲಿ ಎಂತ ಕಾಣ್ತು ತಮಾ?" ಎಂದು ನಕ್ಕರು. ದೊಡ್ಡ ವಿಜ್ಞಾನಿಗಳು ಎಲ್ಲಾ ನೋಡಿ ಮುಗಿಸಿದ್ದಾರೆ ಎಂದೂ ಸೇರಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪೆಹುಳಿ ಬಂತು, ಮಾವ ಲೋಟ ಮುಂದೆ ಮಾಡಿದರು. ಉತ್ತರ ಅವರಿಗೆ ಬೇಕೇ ಇರಲಿಲ್ಲ.

ನೋಡಿ ಮುಗಿಸುವುದು ಅಂದರೇನು? ಅಭಿಜಿತ್ ನಕ್ಷತ್ರ ಇರುವ ಲೈರಾ ಪುಂಜದಲ್ಲೇ ಆರ್‌ಆರ್ ಲೈರೆ ಎಂಬ ನಕ್ಷತ್ರವಿದೆ. ಬರಿಗಣ್ಣಿಗೆ ಕಾಣದು, ಬೈನಾಕ್ಯುಲರಿಗೆ ಸಿಗುತ್ತದೆ. ಅದು 13 ಗಂಟೆ 36 ನಿಮಿಷಕ್ಕೊಮ್ಮೆ ಉಬ್ಬಿ ಕುಗ್ಗುತ್ತದೆ, ಜೊತೆಗೆ ಅದರ ಬೆಳಕೂ ಏರಿ ಇಳಿಯುತ್ತದೆ. ಒಳಗಿನ ಹೀಲಿಯಂ ಪದರ ಶಾಖವನ್ನು ತಡೆಹಿಡಿದು, ಮತ್ತೆ ಬಿಟ್ಟುಕೊಡುವುದೇ ಇದಕ್ಕೆ ಕಾರಣ. ಇವತ್ತು ರಾತ್ರಿ ಎಂಟಕ್ಕೆ ನೋಡಿದ ಸ್ಥಿತಿ ನಾಳೆ ಎಂಟಕ್ಕೆ ಇರುವುದಿಲ್ಲ. ಪೂರ್ತಿ ಸುತ್ತು ಹಿಡಿಯಬೇಕಾದರೆ ರಾತ್ರಿ ಮೇಲೆ ರಾತ್ರಿ ಬೇಕು. ದೊಡ್ಡ ದೂರದರ್ಶಕದಲ್ಲಿ ಅರ್ಜಿ ಹಾಕಿ ಕಾದರೂ ಕೆಲವೇ ರಾತ್ರಿ ಸಿಗುತ್ತವೆ. ನನ್ನದು ಅಂಗಳದಲ್ಲೇ ಇದೆ. ಇಲ್ಲಿ ಕತ್ತಲಾದಾಗ ಯುರೋಪಿನಲ್ಲಿ ಇನ್ನೂ ಮಧ್ಯಾಹ್ನ. ಆ ಸುತ್ತಿನಲ್ಲಿ ಅವರ ಕೈಗೆ ಸಿಗದ ತುಂಡು ನಮಗೆ ಸಿಗುತ್ತದೆ.

ಕೇಳುವುದಾದರೆ ಹೀಗೆ ಕೇಳಿ: ನಕ್ಷತ್ರ ಉಬ್ಬುವಾಗ ಅದರ ವಾತಾವರಣಕ್ಕೆ ಏನಾಗುತ್ತದೆ? ಇದಕ್ಕೆ ನಾನು ಊಟ ಬಿಟ್ಟು ಉತ್ತರ ಕೊಡುತ್ತೇನೆ.

ಆ ವಾತಾವರಣದ ಪದರಗಳು ಒಟ್ಟಿಗೆ ಏರಿ ಇಳಿಯುವುದಿಲ್ಲ. ಕಾರವಾರದ ಕಡಲತೀರದಲ್ಲಿ ವಾಪಸ್ ಹೋಗುವ ನೀರಿಗೆ ಹೊಸ ತೆರೆ ಎದುರಾಗಿ ಢಿಕ್ಕಿ ಹೊಡೆಯುವುದನ್ನು ನೋಡಿದ್ದೀರಲ್ವಾ? ಅಲ್ಲೂ ಹಾಗೇ. ಮೇಲಿನ ಅನಿಲ ಇನ್ನೂ ಕೆಳಗೆ ಬೀಳುತ್ತಿರುವಾಗಲೇ ಕೆಳಗಿನದು ಮೇಲೆ ನುಗ್ಗುತ್ತದೆ. ಸೆಕೆಂಡಿಗೆ 100 ಕಿ.ಮೀ.ಗೂ ಜಾಸ್ತಿ ವೇಗದ ಆಘಾತ ತರಂಗ ಏಳುತ್ತದೆ. ಹೈಡ್ರೋಜನ್ ಕಾದು ತಾನೇ ಬೆಳಗುತ್ತದೆ.

ಇದು ಕಾಣುವುದು ರೋಹಿತದಲ್ಲಿ. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಕೆಂಪಿನ ಭಾಗದಲ್ಲಿ, 656 ನ್ಯಾನೊಮೀಟರ್ ತರಂಗಾಂತರದ ಹತ್ತಿರ, ಹೈಡ್ರೋಜನ್ನಿನ ಕಪ್ಪು ಗೆರೆ ಇರುತ್ತದೆ. ಲ್ಯಾಪ್‌ಟಾಪಿನ ಗ್ರಾಫಿನಲ್ಲಿ ಅದೊಂದು ತಗ್ಗು. ನಕ್ಷತ್ರ ಪ್ರಕಾಶ ಏರಿಸಿಕೊಳ್ಳುವ ಹೊತ್ತಿಗೆ ಆ ತಗ್ಗಿನಲ್ಲಿ ನೀಲಿ ಬಣ್ಣದ ಕಡೆಗಿರುವ ಬದಿಯಲ್ಲಿ ಒಂದು ಸಣ್ಣ ಉಬ್ಬು ಮೂಡುತ್ತದೆ. ಸ್ವಲ್ಪ ಹೊತ್ತು ಇದ್ದು ಹೋಗಿಬಿಡುತ್ತದೆ. ಕಣ್ಣಿಗೆ ಚುಕ್ಕಿಯಾಗಿಯೇ ಉಳಿದ ನಕ್ಷತ್ರದ ಮೇಲೆ ಏಳುವ ಆಘಾತ ಅದು. ಅದನ್ನು ನಮ್ಮ ಅಂಗಳದಿಂದ ಹಿಡಿಯಬಹುದು ಎನ್ನುವುದು ನನಗೆ ಇವತ್ತಿಗೂ ದೊಡ್ಡ ಸಂತೋಷ.

ಸಣ್ಣದು ಎಂದು ಮೂಗು ಮುರಿಯುವವರಿಗೆ ಇನ್ನೊಂದು ಮಾತು. ಇದೇ ನಕ್ಷತ್ರದ ಬೆಳಕಿನ ಏರಿಳಿತ ಸುಮಾರು 40 ದಿನಕ್ಕೊಮ್ಮೆ ಜಾಸ್ತಿ ಕಮ್ಮಿ ಆಗುತ್ತದೆ. ಇದಕ್ಕೆ ಬ್ಲಾಷ್ಕೊ ಪರಿಣಾಮ ಅನ್ನುತ್ತಾರೆ. ಆ ಪರಿಣಾಮವೇ ಕ್ಷೀಣಿಸುತ್ತಿದೆ ಎಂದು 2014ರಲ್ಲಿ ಯುರೋಪಿನ ತಂಡವೊಂದು ತೋರಿಸಿತು. ಅವರ ಆಧಾರ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕದ ದತ್ತಾಂಶ, ಹಳೆಯ ದಾಖಲೆಗಳು, ಜೊತೆಗೆ ಫೋಟೋ ತೆಗೆಯುವ ಲೆನ್ಸಿನಿಂದ ಮಾಡಿದ ಪುಟ್ಟ ಉಪಕರಣಗಳು. ನನ್ನ ಎಂಟು ಇಂಚು ಆ ಪುಟ್ಟ ಉಪಕರಣಗಳಿಗಿಂತ ದೊಡ್ಡದು.

ನನ್ನ ನಿಜವಾದ ಕಷ್ಟ ಮಳೆ. ಲೈರಾ ಸಂಜೆಯಿಂದಲೇ ಚೆನ್ನಾಗಿ ಕಾಣುವುದು ಜುಲೈ, ಆಗಸ್ಟಿನಲ್ಲಿ. ಆಗ ಶಿರಸಿಯಲ್ಲಿ ಆಕಾಶವೇ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಡುರಾತ್ರಿ ಎದ್ದು ನೋಡುತ್ತೇನೆ. ದಸರಾ ಕಳೆದ ಮೇಲೆ ಸಂಜೆ ಸ್ವಲ್ಪ ಹೊತ್ತು ಸಿಗುತ್ತದೆ. ಆ 40 ದಿನದ ಸುತ್ತಿನಲ್ಲಿ ಗ್ರಾಫಿನ ಉಬ್ಬು ಯಾವಾಗ ಹೆಚ್ಚು, ಯಾವಾಗ ಕಮ್ಮಿ ಎಂದು ನೋಡಲು ನಡುವಿನ ಮಳೆಗಾಲದ ತಿಂಗಳುಗಳೇ ಬೇಕು. ವಿಜಯಪುರ, ರಾಯಚೂರು ಕಡೆ ಮಳೆ ಕಮ್ಮಿ. ಅಲ್ಲಿ ಎಂಟು ಇಂಚಿನದೋ, ಹತ್ತು ಇಂಚಿನದೋ ಇಟ್ಟುಕೊಂಡವರು ಯಾರಾದರೂ ಇದ್ದರೆ ಮೋಡ ಸರಿದ ರಾತ್ರಿ ಅದನ್ನು ಈ ನಕ್ಷತ್ರದ ಕಡೆ ತಿರುಗಿಸಿ. ಎಷ್ಟು ಗಂಟೆಗೆ ಉಬ್ಬು ಬರಬೇಕು ಎಂಬ ಲೆಕ್ಕ ನಾನು ಮಾಡಿ ಕೊಡುತ್ತೇನೆ.