ಕಾಪುವಿನ ಕಡಲತಡಿಯಲ್ಲಿ ವರ್ಷದ ಅತಿ ದೀರ್ಘ ಹಗಲು

ಜೂನ್ 21ರ ಬೆಳಗ್ಗೆ ಮಂಗಳೂರಿನಿಂದ ಉಡುಪಿಯ ಕಡೆಗೆ ಹೊರಟಾಗ ಕೂಳೂರಿನಲ್ಲಿ ಫಲ್ಗುಣಿ, ಪಾವಂಜೆಯಲ್ಲಿ ನಂದಿನಿ, ಮೂಲ್ಕಿಯಲ್ಲಿ ಶಾಂಭವಿ, ಮೂರೂ ನದಿಗಳು ಕೆಂಪು ನೀರು ಹೊತ್ತು ತುಂಬಿ ಹರಿಯುತ್ತಿದ್ದವು. ವರ್ಷದ ಅತಿ ದೀರ್ಘ ಹಗಲನ್ನು ಕಡಲ ತೀರದಲ್ಲೇ ಕಳೆಯಬೇಕೆಂಬುದು ನನ್ನ ಬಹುದಿನದ ಆಸೆ. ಉತ್ತರದ ದೇಶಗಳಲ್ಲಿ ಈ ದಿನವೆಂದರೆ ಬೇಸಿಗೆಯ ಸಂಭ್ರಮ. ನಮ್ಮ ಕರಾವಳಿಯಲ್ಲಾದರೋ ಅದು ಬರುವುದು ತುಳು ಪಂಚಾಂಗದ ಕಾರ್ತೆಲ್ ತಿಂಗಳ ಜಡಿಮಳೆಯ ನಡುವೆ, ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ. ದಾರಿಯುದ್ದಕ್ಕೂ ಗದ್ದೆಗಳಲ್ಲಿ ಏಣೆಲು ಎಂಬ ಮಳೆಗಾಲದ ಭತ್ತದ ಬೆಳೆಗೆ ನೇಜಿ, ಅಂದರೆ ಸಸಿ, ನೆಡುತ್ತಿದ್ದರು.

ಕಾಪುವಿನಲ್ಲಿ ಇಳಿದಾಗ, 1901ರಲ್ಲಿ ಕಟ್ಟಿದ ದೀಪಸ್ತಂಭದ ಬಂಡೆಗೆ ಅಲೆಗಳು ಅಪ್ಪಳಿಸುತ್ತಿದ್ದವು. ಇಲ್ಲಿ ಸೂರ್ಯ ನೆತ್ತಿಗೇರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 33 ನಿಮಿಷಕ್ಕೆ. ಏಕೆಂದರೆ ಭಾರತೀಯ ಕಾಲಮಾನದ ಆಧಾರರೇಖೆ ನಮಗಿಂತ ಬಹಳ ಪೂರ್ವದಲ್ಲಿದೆ. ಪುಣ್ಯಕ್ಕೆ ಆ ಹೊತ್ತಿಗೆ ಮೋಡ ಕೊಂಚ ಸರಿಯಿತು. ಸಿಮೆಂಟು ಹಾಸಿನ ಮೇಲೆ ಕೊಡೆಯನ್ನು ಮಡಚಿ ನೆಟ್ಟಗೆ ಹಿಡಿದು ನಿಂತೆ. ಮೂರಡಿಯ ಕೊಡೆಗೆ ಅರ್ಧ ಅಡಿಯಷ್ಟೇ ನೆರಳು, ಅದೂ ದಕ್ಷಿಣದ ಕಡೆಗೆ! ವರ್ಷದ ಬಹುಪಾಲು ನಡುಹಗಲಿನ ನೆರಳು ಉತ್ತರಕ್ಕೆ ಬೀಳುವ ಊರಿನಲ್ಲಿ, ಸೂರ್ಯನೇ ನಮ್ಮನ್ನು ದಾಟಿ ಉತ್ತರಕ್ಕೆ ಹೋಗಿ ನಿಂತಿದ್ದಾನೆಂಬುದನ್ನು ಹೀಗೆ ಕಣ್ಣಾರೆ ಕಂಡಾಗ ಆದ ಸಂತೋಷವನ್ನು ಹೇಳಿ ತೀರಿಸಲಾರೆ.

ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿರುವುದರಿಂದ ಈ ದಿನ ಸೂರ್ಯ ಕರ್ಕಾಟಕ ಸಂಕ್ರಾಂತಿ ವೃತ್ತದ ಮೇಲಿರುತ್ತಾನೆ. ನಾವಿರುವುದು ಹದಿಮೂರು ಡಿಗ್ರಿಯ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯ ವಾರದಲ್ಲೇ ಆತ ನಮ್ಮ ನೆತ್ತಿಯನ್ನು ಹಾದು ಹೋಗಿರುತ್ತಾನೆ. ಆಗ ಆಕಾಶ ತಿಳಿಯಾಗಿರುವುದರಿಂದ ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗಿನ ಪಗ್ಗು, ಬೇಶ ತಿಂಗಳುಗಳ ಸೆಕೆ ನಮ್ಮನ್ನು ಹಿಂಡುತ್ತದೆ. ಜೂನ್ ಬರುವಷ್ಟರಲ್ಲಿ ಕಾದ ನೆಲದತ್ತ ಕಡಲ ತೇವವನ್ನು ಹೊತ್ತು ಬರುವ ನೈಋತ್ಯ ಮಾರುತ ಘಟ್ಟಕ್ಕೆ ತಡೆದು ಮಳೆ ಸುರಿಸುತ್ತದೆ. ಹಗಲು ಹದಿಮೂರು ಗಂಟೆಗೆ ಐದಾರು ನಿಮಿಷ ಕಡಿಮೆ, ಡಿಸೆಂಬರಿನ ಅತಿ ಚಿಕ್ಕ ಹಗಲಿಗಿಂತ ಒಂದೂವರೆ ಗಂಟೆಯಷ್ಟು ಹೆಚ್ಚು. ಆದರೂ ಬಿಸಿಲಿನ ನೆನಪೇ ಇಲ್ಲದಂತೆ ದಿನ ಕಳೆಯುತ್ತದೆ.

ಸೂರ್ಯ ಈ ದಿನದಿಂದಲೇ ದಕ್ಷಿಣಕ್ಕೆ ತಿರುಗಿದರೂ ನಮ್ಮ ಪಂಚಾಂಗದ ದಕ್ಷಿಣಾಯನ ಮಾತ್ರ ಜುಲೈ ಮಧ್ಯದ ಕರ್ಕಾಟಕ ಸಂಕ್ರಮಣಕ್ಕೆ ಆರಂಭವಾಗುತ್ತದೆ. ಭೂಮಿಯ ಅಕ್ಷವೇ ನಿಧಾನವಾಗಿ ಓಲಾಡುತ್ತಿರುವುದರಿಂದ ಸುಮಾರು 71 ವರ್ಷಗಳಿಗೆ ಒಂದು ದಿನದಂತೆ ಈ ಅಂತರ ಬೆಳೆದಿದೆ. ಹಬ್ಬಗಳ ಲೆಕ್ಕ ಹಾಗೆಯೇ ಇರಲಿ, ಆದರೆ ಶಾಲೆಯ ಮಕ್ಕಳಿಗೆ ಜೂನ್ 21ರ ನೆರಳನ್ನೂ ಅಂಗಳದಲ್ಲಿ ತೋರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಂಜೆ ಮಲ್ಪೆ ಬಂದರಿಗೆ ಹೋದೆ. ಜೂನ್ ಒಂದರಿಂದ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳೆಲ್ಲ ದಡಕ್ಕೆ ಬಂದು ಸಾಲುಗಟ್ಟಿದ್ದವು. ಜುಲೈ ಕಳೆಯುವವರೆಗೆ ಅವಕ್ಕೆ ಬಿಡುವು. ಏಳು ಗಂಟೆಯ ಸೂರ್ಯಾಸ್ತ ಮೋಡದ ಹಿಂದೆಯೇ ಮುಗಿಯಿತು. ಇನ್ನು ಆಗಸ್ಟ್ 17ರ ಹೊತ್ತಿಗೆ, ಸೋಣ ತಿಂಗಳು ಕಾಲಿಡುವಾಗ, ದಕ್ಷಿಣಕ್ಕೆ ಮರಳುವ ಸೂರ್ಯ ಮತ್ತೊಮ್ಮೆ ಉಡುಪಿಯ ನೆತ್ತಿಯ ಮೇಲೆ ಬರುತ್ತಾನೆ. ಮಳೆ ಬಿಡುವು ಕೊಟ್ಟರೆ ಅಂದೂ ಬಂದು, ನೆರಳು ಪೂರ್ತಿ ಕೊಡೆಯ ಬುಡದಲ್ಲೇ ಅಡಗುವುದನ್ನು ನೋಡಬೇಕೆಂದಿದ್ದೇನೆ.