ಪಾಪು ಅತ್ತಾಗ ಎದೆ ಉಬ್ಬುತ್ತಿತ್ತು

ನನ್ನ ಎರಡನೇ ಮಗಳು ಹುಟ್ಟಿದಾಗ ಎದೆಯ ಮೇಲ್ಭಾಗದಲ್ಲಿ ಮೂಳೆಯೇ ಕೂಡಿರಲಿಲ್ಲ. ಕತ್ತಿನ ಕೆಳಗೆ ಬೆರಳಿಟ್ಟರೆ ಬರೀ ಚರ್ಮ. ಅದರಡಿ ಗುಂಡಿಗೆ ಬಡಿಯೋದು ಕಣ್ಣಿಗೇ ಕಾಣುತ್ತಿತ್ತು. ಅತ್ತರೆ ಅಲ್ಲಿ ಉಬ್ಬುತ್ತಿತ್ತು, ಉಸಿರೆಳೆದರೆ ಗುಳಿ ಬೀಳುತ್ತಿತ್ತು. ಎಷ್ಟೋ ಮಕ್ಕಳಿಗೆ ಎಣ್ಣೆನೀರು ಹಾಕಿದ ನಮ್ಮ ಅತ್ತೆ, ಇವಳನ್ನು ಕಾಲ ಮೇಲೆ ಮಲಗಿಸಿಕೊಳ್ಳಲು ಹೆದರಿದರು.

ನಾನು ಬೇಲೂರಿನ ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಮೊದಲು ನೋಡಿದ ಡಾಕ್ಟರು, 'ಹಾಲು ಚೆನ್ನಾಗಿ ಕುಡೀತಿದೆ, ಒಂದು ವರ್ಷ ಆಗಲಿ, ಮೈ ತುಂಬಲಿ' ಅಂದರು. ನಮಗೂ ಅದೇ ಬೇಕಿತ್ತು. ಅಷ್ಟು ಸಣ್ಣ ಕೂಸನ್ನು ಕೊಯ್ಯಲು ಕೊಡೋಕೆ ಯಾರಿಗೆ ಮನಸ್ಸು ಬರುತ್ತೆ? ಸುಮ್ನಿರದವರು ನಮ್ಮೂರಿನ ಆಶಾ ಕಾರ್ಯಕರ್ತೆ ಅಕ್ಕ ಒಬ್ಬರೇ. 'ಇನ್ನೊಬ್ಬರಿಗೆ ತೋರಿಸು, ನಾನೇ ಬರ್ತೀನಿ' ಅಂತ ಹನ್ನೆರಡನೇ ದಿನ ಹೊರಡಿಸಿಬಿಟ್ಟರು. ಹಾಸನದಲ್ಲಿ ಎಕೋ, ಅಂದರೆ ಗುಂಡಿಗೆಯ ಸ್ಕ್ಯಾನ್, ಆಯಿತು. ಗುಂಡಿಗೆಯಲ್ಲಿ ತೂತಿಲ್ಲ ಅಂದರು. ಅಲ್ಲಿಂದ ಬೆಂಗಳೂರು.

ಅಲ್ಲಿನ ಮಕ್ಕಳ ಸರ್ಜನ್ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಹೊಟ್ಟೆಯೊಳಗೆ ಇರುವಾಗ ಎದೆಮೂಳೆ ಎರಡು ಪಟ್ಟಿಗಳಾಗಿ ಹುಟ್ಟುತ್ತದಂತೆ. ಮೇಲಿನಿಂದ ಕೆಳಕ್ಕೆ ಕೂಡಿಕೊಳ್ಳುತ್ತಾ, ಹತ್ತನೇ ವಾರದ ಹೊತ್ತಿಗೆ ಒಂದಾಗುತ್ತದೆ. ಇವಳಲ್ಲಿ ಮೇಲೆ ಕೂಡಿರಲಿಲ್ಲ. ಹೊಕ್ಕುಳ ಸುತ್ತಲೂ ಒತ್ತಿ ನೋಡಿದರು. ಯಾಕೆ ಅಂತ ಆಮೇಲೆ ಓದಿ ತಿಳಿದುಕೊಂಡೆ. 1958ರಲ್ಲಿ ಕ್ಯಾಂಟ್ರೆಲ್ ಅನ್ನೋ ಡಾಕ್ಟರು ಮತ್ತು ಜೊತೆಯವರು ವಿವರಿಸಿದ ಒಂದು ತೊಂದರೆ ಇದೆ. ಅದರಲ್ಲಿ ಎದೆಮೂಳೆಯ ಕೆಳಭಾಗ, ಹೊಟ್ಟೆಯ ಗೋಡೆ, ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಪರದೆ), ಗುಂಡಿಗೆಯ ಹೊರಚೀಲ, ಗುಂಡಿಗೆ, ಐದರಲ್ಲೂ ದೋಷ ಇರುತ್ತೆ. ಕೆಲವು ಮಕ್ಕಳಲ್ಲಿ ಗುಂಡಿಗೆಯೇ ಎದೆಯಿಂದ ಹೊರಗೆ ಇರುತ್ತದೆ. ಆ ತಾಯಂದಿರನ್ನು ನೆನೆದರೆ ಇವತ್ತಿಗೂ ನನಗೆ ಗಂಟಲು ಕಟ್ಟುತ್ತೆ.

'ಒಂದು ವರ್ಷ ಕಾಯಬಹುದಾ?' ಅಂತ ಕೇಳಿದೆ. ಬೇಡ ಅಂದರು. ಮೊದಲ ಕೆಲವು ವಾರ ಎದೆಗೂಡು ಮೆತ್ತಗಿರುತ್ತೆ, ಎರಡು ಪಟ್ಟಿಗಳನ್ನೂ ಎಳೆದು ನೇರವಾಗಿ ಹೊಲಿಯಬಹುದು. ಬಲಿತ ಮೇಲೆ ಎಳೆದರೆ ಗುಂಡಿಗೆ ಒತ್ತಿಹೋಗುತ್ತೆ. ಆಗ ಮೆಲ್ಲೆಲುಬು ಕತ್ತರಿಸಬೇಕು, ಇಲ್ಲಾ ಬೇರೆ ಕಡೆಯ ಮೂಳೆ ತಂದು ಕೂರಿಸಬೇಕು.

ಇಪ್ಪತ್ತನಾಲ್ಕನೇ ದಿನ ಆಪರೇಷನ್. ಪಟ್ಟಿಗಳನ್ನು ಹತ್ತಿರ ತಂದು, ಕಟ್ಟೋ ಮುಂಚೆ ಹಾಗೇ ಹಿಡಿದುಕೊಂಡು ಬಿ.ಪಿ. ಇಳಿಯುತ್ತಾ ಅಂತ ನೋಡಿದರಂತೆ. ಇಳಿಯಲಿಲ್ಲ. ಆಮೇಲೇ ಗಂಟು ಹಾಕಿದ್ದು. ಮನೆಗೆ ಕಳಿಸುವಾಗ ನರ್ಸ್ ಮತ್ತೆ ಮತ್ತೆ ಹೇಳಿದ್ದು ಒಂದೇ: ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ತಲೆ ಮತ್ತು ಕುಂಡಿ ಕೆಳಗೆ ಕೈ ಕೊಟ್ಟು ಬಾಚಿ ಎತ್ತಿ. ಅತ್ತೆಯವರು ದಿಂಬಿಟ್ಟುಕೊಂಡು ಅದನ್ನೇ ಕಲಿತರು.

ಇಂಥ ಮಗು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹುಟ್ಟಿದರೆ, ದಯವಿಟ್ಟು ಮೊದಲ ವಾರದಲ್ಲೇ ಮಕ್ಕಳ ಸರ್ಜನ್‌ಗೆ ತೋರಿಸಿ. 'ಈಗಲೇ ಮುಚ್ಚಬಹುದಾ?' ಅಂತ ನೀವೇ ಬಾಯಿಬಿಟ್ಟು ಕೇಳಿ.

ಮಗಳಿಗೆ ಈಗ ಮೂರೂವರೆ. ನನ್ನ ಅಂಗನವಾಡಿಯಲ್ಲೇ ಕೂರುತ್ತಾಳೆ. ಹೋದ ತಿಂಗಳು ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ತಂಡ (ಆರ್‌ಬಿಎಸ್‌ಕೆ) ಮಕ್ಕಳನ್ನು ನೋಡಲು ಬಂದಾಗ, ಯಾರೂ ಹೇಳುವ ಮೊದಲೇ ಅಂಗಿ ಎತ್ತಿ ಗೆರೆ ತೋರಿಸಿದಳು. ಅವಳನ್ನು ನೋಡಿ ಉಳಿದ ಮಕ್ಕಳೂ ಸಾಲಾಗಿ ಅಂಗಿ ಎತ್ತಿ ನಿಂತರು.